ಆಮ್‌ಸ್ಟರ್‌ಡ್ಯಾಮ್ ಟು ಪ್ಯಾರಿಸ್: ಫ್ಲೈಟಾ, ಟ್ರೇನಾ?

ಕುವೆಂಪುನಗರ, ಮೈಸೂರು
ನಮಸ್ಕಾರ ಎಲ್ರಿಗೂ. ಅಪ್ಪ ಅಮ್ಮನ್ನ ಕರ್ಕೊಂಡು ಮೇ ತಿಂಗಳು ಆಮ್‌ಸ್ಟರ್‌ಡ್ಯಾಮಲ್ಲಿರೋ ತಂಗಿ ಮನೆಗೆ ಹೋಗ್ತಿದೀವಿ, ಅಲ್ಲಿಂದ ಹಂಗೇ ಪ್ಯಾರಿಸ್ ನೋಡ್ಬೇಕು ಅಂತ ಅಮ್ಮಂಗೆ ಆಸೆ. ನೆಟ್ಟಲ್ಲಿ ಒಂದ್ಕಡೆ 430 ಕಿಮೀ ಅಂತದೆ ಇನ್ನೊಂದ್ಕಡೆ 500 ಅಂತದೆ, ಫ್ಲೈಟು ಒಂದೂಕಾಲು ಗಂಟೆ, ಟ್ರೇನು ಮೂರೂಕಾಲರ ಮೇಲೆ. ಅಪ್ಪಂಗೆ ಮಂಡಿನೋವು. ಎರಡು ಗಂಟೆ ಉಳಿಯತ್ತಲ್ಲ, ಫ್ಲೈಟೇ ಬುಕ್ ಮಾಡ್ಲಾ?

ಮಂಡ್ಯದೋರು, ಈಗ ರಾಟರ್‌ಡ್ಯಾಮ್
430 ಅಂದ್ರೆ ನೇರ ಗೆರೆ ಎಳೆದ್ರೆ ಬರೋ ದೂರ, ರೋಡಲ್ಲಿ ಹೋದ್ರೆ 500 ದಾಟತ್ತೆ, ಎರಡೂ ಸರಿನೇ. ಆದ್ರೆ ಫ್ಲೈಟ್ ಟೈಮ್ ನಂಬ್ಕೊಂಡು ಲೆಕ್ಕ ಹಾಕ್ಬೇಡಿ. ಟಿಕೆಟಲ್ಲಿರೋದು ಗೇಟಿಂದ ಗೇಟಿಗೆ, ಗಾಳೀಲಿರೋದು ಮುಕ್ಕಾಲು ಗಂಟೆ ಆಸುಪಾಸು ಅಷ್ಟೇ, ಮಿಕ್ಕಿದ್ದು ನೆಲದ ಮೇಲೇನೇ ಹೋಗತ್ತೆ, ಆಮ್‌ಸ್ಟರ್‌ಡ್ಯಾಮ್ ಏರ್‌ಪೋರ್ಟ್ ಸ್ಕಿಪೋಲಲ್ಲಿ ಪೋಲ್ಡರ್‌ಬಾನ್ ಅಂತ ಒಂದು ರನ್‌ವೇ ಅದೆ, ಅದೇನಾದ್ರೂ ಸಿಕ್ತು ಅಂದ್ರೆ ಟರ್ಮಿನಲ್‌ನಿಂದ ಅಲ್ಲಿವರ್ಗೂ ವಿಮಾನ ಉರುಳ್ಕೊಂಡೇ ಕಾಲು ಗಂಟೆ ಹೋಗತ್ತೆ. ನಾವು ಬಾಂಬೆಗೆ ಹೋಗ್ವಾಗ ಮೈಸೂರಿಂದ ದೇವನಹಳ್ಳಿಗೆ ಹೋಗೋ ನಾಲ್ಕು ಗಂಟೆ ಬಿಟ್ಟು ಲೆಕ್ಕ ಹಾಕ್ತೀವಾ? ಎರಡು ಗಂಟೆ ಮುಂಚೆ ಏರ್‌ಪೋರ್ಟು, ಇಳಿದ್ಮೇಲೆ ಬ್ಯಾಗಿಗೆ ಕಾಯೋದು, ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ಏರ್‌ಪೋರ್ಟಿಂದ ಊರೊಳಗೆ ಆರ್‌ಇಆರ್ ಬಿ ಟ್ರೇನು ಅರ್ಧ ಗಂಟೆ ಮೇಲೆ, ಒಟ್ಟು ಐದು ಗಂಟೆ ಆಯ್ತಲ್ಲ. ಯೂರೋಸ್ಟಾರ್ ಅನ್ನೋ ಸ್ಪೀಡ್ ಟ್ರೇನು ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್ ಸ್ಟೇಷನ್ನಲ್ಲಿ ಹತ್ತಿದ್ರೆ ಪ್ಯಾರಿಸ್ ಊರೊಳಗಿರೋ ಗಾರ್ ದು ನೋರ್ ಸ್ಟೇಷನ್ನಿಗೇ ಇಳಿಸತ್ತೆ. ಟ್ರೇನೇ ಹಿಡೀರಿ.

ಸರಸ್ವತಿಪುರಂ
ನನ್ನ ವೋಟೂ ಟ್ರೇನಿಗೇ. ಅಮ್ಮ ಉಪ್ಪಿನಕಾಯಿ ಗೊಜ್ಜು ಅಂತ ಕೈಬ್ಯಾಗಲ್ಲಿ ತುಂಬೇ ತುಂಬ್ತಾರೆ, ಏರ್‌ಪೋರ್ಟಲ್ಲಿ 100 ಎಂಎಲ್ ಕಿರಿಕಿರಿ, ಈ ಟ್ರೇನಲ್ಲಿ ಆ ರೂಲ್ಸ್ ಇಲ್ಲ. ಎರಡೂ ಷೆಂಗೆನ್ ದೇಶ, ಅಂದ್ರೆ ಒಂದೇ ವೀಸಾಲಿ ಓಡಾಡ್ಬೋದು, ಆದ್ರೂ ಪಾಸ್‌ಪೋರ್ಟ್ ಜೊತೇಲೇ ಇರ್ಲಿ. ಗಾರ್ ದು ನೋರ್‌ನಲ್ಲಿ ಮಾತ್ರ ಪರ್ಸು ಹುಷಾರು, ಜೇಬುಗಳ್ಳರು ಜಾಸ್ತಿ.

ವಿದ್ಯಾನಗರ, ಮಂಡ್ಯ
ಮಂಡಿನೋವಿನ ವಿಷ್ಯ ಯಾರೂ ನೋಡ್ಲಿಲ್ವಲ್ಲ. ಏರ್‌ಪೋರ್ಟಲ್ಲಿ ವೀಲ್‌ಚೇರ್ ಕೇಳಿದ್ರೆ ವಿಮಾನದ ಬಾಗಿಲವರ್ಗೂ ತಳ್ಕೊಂಡು ಹೋಗ್ತಾರೆ. ಟ್ರೇನಲ್ಲಿ ಸೂಟ್‌ಕೇಸ್ ನೀವೇ ಎತ್ತಿ ಹತ್ತಿಸ್ಬೇಕು.

ಮಂಡ್ಯದೋರು, ಈಗ ರಾಟರ್‌ಡ್ಯಾಮ್
ಸೂಟ್‌ಕೇಸ್ ಮಾತು ನಿಜ ಕಣಣ್ಣ, ಅದಕ್ಕೆ ದೊಡ್ಡ ಬ್ಯಾಗ್ ತಂಗಿ ಮನೇಲೇ ಬಿಟ್ಟು ಹೋಗೋದು ವಾಸಿ. ವೀಲ್‌ಚೇರ್ ಯೂರೋಸ್ಟಾರಲ್ಲೂ ಕೊಡ್ತಾರೆ, ಮುಂಚೆನೇ ಹೇಳಿರ್ಬೇಕು. ಟಿಕೆಟ್ಟೂ ಬೇಗ ಮಾಡ್ಸಿ, ದಿನ ಹತ್ರ ಬಂದಷ್ಟೂ ರೇಟ್ ಏರತ್ತೆ.

ಕುವೆಂಪುನಗರ, ಮೈಸೂರು
ತುಂಬಾ ಥ್ಯಾಂಕ್ಸ್, ಹಂಗಾದ್ರೆ ಟ್ರೇನೇ. ವಾಪಸ್ ಬರಕ್ಕೂ ಅದನ್ನೇ ಮಾಡ್ಲಾ?

ಸರಸ್ವತಿಪುರಂ
ಬೆಂಗಳೂರು ಟಿಕೆಟ್ ಇನ್ನೂ ಮಾಡಿಲ್ಲಾಂದ್ರೆ ಆಮ್‌ಸ್ಟರ್‌ಡ್ಯಾಮಿಗೆ ವಾಪಸ್ಸೇ ಬರ್ಬೇಡಿ. ಕೆಎಲ್‌ಎಂ, ಏರ್ ಫ್ರಾನ್ಸ್ ಎರಡೂ ಒಂದೇ ಗ್ರೂಪು, ಮಲ್ಟಿ ಸಿಟಿ ಅಂತ ಹಾಕಿ ಹೋಗೋದು ಆಮ್‌ಸ್ಟರ್‌ಡ್ಯಾಮಿಗೆ, ಬರೋದು ಪ್ಯಾರಿಸ್ಸಿಂದ ಅಂತ ನೋಡಿ. ಆದ್ರೆ ಆಗ ದೊಡ್ಡ ಬ್ಯಾಗೂ ಪ್ಯಾರಿಸ್ಸಿಗೆ ಬರತ್ತೆ, ಅದನ್ನ ಯಾರು ಎತ್ತೋದು ಅಂತ ಮನೇಲಿ ಕೂತು ಮಾತಾಡ್ಕೊಂಡು ಆಮೇಲೆ ಬುಕ್ ಮಾಡಿ.