ನಂದಿ ಬೆಟ್ಟದ ಏರಿಗೆ ಹಗುರವಾದ ಗೇರು: ಕ್ಯಾಸೆಟ್ ಒಂದನ್ನೇ ಬದಲಿಸಿದರೆ ಸಾಕೇ?

ಪ್ರಶ್ನೆ:
ನಮಸ್ಕಾರ. ನನಗೆ 48 ವರ್ಷ, ತೂಕ 75 ಕಿಲೋ. ಭಾನುವಾರಗಳಂದು ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ರೋಡ್ ಬೈಕಿನಲ್ಲಿ ಹೋಗುತ್ತೇನೆ. ಬೆಟ್ಟದ ಬುಡದವರೆಗೆ ಯಾವ ತೊಂದರೆಯೂ ಇಲ್ಲ. ಆದರೆ ಮೇಲಿನ ತಿರುವುಗಳಲ್ಲಿ ಇರುವುದರಲ್ಲೇ ಹಗುರವಾದ ಗೇರಿಗೆ ಬಂದರೂ ಪೆಡಲು ನಿಮಿಷಕ್ಕೆ 45 ಸುತ್ತು ದಾಟುವುದಿಲ್ಲ. ಆಮೇಲೆ ಎರಡು ದಿನ ಮಂಡಿ ನೋಯುತ್ತದೆ. ಮುಂದೆ 50 ಮತ್ತು 34 ಹಲ್ಲಿನ ಚೈನ್‌ರಿಂಗ್‌ಗಳು (ಪೆಡಲಿನ ಬಳಿಯ ಹಲ್ಲುಚಕ್ರಗಳು), ಹಿಂದೆ 11ರಿಂದ 28 ಹಲ್ಲಿನ ಹನ್ನೊಂದು ಸ್ಪೀಡ್ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು). ಎಲ್ಲವೂ ಶಿಮಾನೊ 105 ಆರ್7000. ಕ್ಯಾಸೆಟ್ಟನ್ನು ಮಾತ್ರ 11-34ಕ್ಕೆ ಬದಲಿಸಿಕೊಂಡರೆ ಸಾಕೇ?

ಉತ್ತರ (ಸೈಕಲ್ ಮೆಕ್ಯಾನಿಕ್):
ನಮಸ್ಕಾರ ಸರ್. ನಿಮ್ಮ ಯೋಚನೆ ಸರಿಯಾಗಿದೆ, ಆದರೆ ಕ್ಯಾಸೆಟ್ ಒಂದರಿಂದಲೇ ಕೆಲಸ ಮುಗಿಯುವುದಿಲ್ಲ.

ಮೊದಲು ಲಾಭವೆಷ್ಟು ಎಂಬುದನ್ನು ನೋಡೋಣ. ಈಗ 34-28ರಲ್ಲಿ, ಅಂದರೆ ಮುಂದೆ 34, ಹಿಂದೆ 28 ಹಲ್ಲಿನ ಗೇರಿನಲ್ಲಿ, ಪೆಡಲು ಒಂದು ಸುತ್ತು ತಿರುಗಿದರೆ ಬೈಕು ಸುಮಾರು 2.55 ಮೀಟರ್ ಮುಂದೆ ಹೋಗುತ್ತದೆ. 34-34ರಲ್ಲಿ ಸುಮಾರು 2.1 ಮೀಟರ್. ಬೈಕು, ನೀರಿನ ಬಾಟಲಿ ಸೇರಿ 85 ಕಿಲೋ ಎಂದಿಟ್ಟುಕೊಂಡರೆ, ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯಲು ಈಗಿನ ಗೇರಿನಲ್ಲಿ 210 ವ್ಯಾಟ್‌ಗಿಂತ ತುಸು ಹೆಚ್ಚು ಬೇಕು, 34-34ರಲ್ಲಿ 175 ವ್ಯಾಟ್ ಸಾಕು. ಗಾಳಿ ಮತ್ತು ಟೈರಿನ ಎಳೆತವನ್ನು ನಾನು ಇದರಲ್ಲಿ ಸೇರಿಸಿಲ್ಲ. ಮಂಡಿಯ ಮೇಲಿನ ಭಾರ ಇಳಿಯುವುದು ಈ ವ್ಯತ್ಯಾಸದಿಂದಲೇ. ಅಂದಹಾಗೆ, ಸೀಟು ತಗ್ಗಾಗಿದ್ದರೂ ಮಂಡಿ ನೋಯುವುದುಂಟು, ಅದನ್ನೂ ಒಮ್ಮೆ ನೋಡಿಸಿಕೊಳ್ಳಿ.

ಇನ್ನು ತೊಡಕಿನ ವಿಷಯ. ರಿಯರ್ ಡಿರೇಲರಿನ (ಹಿಂದೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಒಳಮೈ ಮೇಲೆ ಎಸ್‌ಎಸ್ ಅಥವಾ ಜಿಎಸ್ ಎಂದು ಅಚ್ಚಾಗಿರುತ್ತದೆ. 11-28 ಜೊತೆ ಬಂದ ಬೈಕಾದ್ದರಿಂದ ನಿಮ್ಮದು ಬಹುಶಃ ಗಿಡ್ಡ ಕೇಜಿನ (ಚೈನನ್ನು ಬಿಗಿಯಾಗಿಡುವ ತೋಳಿನ) ಎಸ್‌ಎಸ್. ಕಂಪನಿಯ ಲೆಕ್ಕದಲ್ಲಿ ಅದಕ್ಕೆ 30 ಹಲ್ಲೇ ಮಿತಿ, ಜಿಎಸ್‌ಗೆ 34. ಚೈನಿನ ಸಡಿಲವನ್ನು ಹೀರಿಕೊಳ್ಳುವ ಸಾಮರ್ಥ್ಯ ಬೇರೆಯೇ ಇದೆ: ಮುಂದಿನ ಎರಡು ರಿಂಗುಗಳ ವ್ಯತ್ಯಾಸ 16, ಕ್ಯಾಸೆಟ್ಟಿನ ಎರಡು ತುದಿಗಳ ವ್ಯತ್ಯಾಸ 23, ಕೂಡಿದರೆ 39. ಎಸ್‌ಎಸ್ ತಾಳುವುದು 35, ಜಿಎಸ್ ತಾಳುವುದು ಸರಿಯಾಗಿ 39. ಬಿ-ಸ್ಕ್ರೂ (ಡಿರೇಲರನ್ನು ಹಲ್ಲುಚಕ್ರದಿಂದ ದೂರ ಸರಿಸುವ ತಿರುಪು) ಬಿಗಿಮಾಡಿ ಎಸ್‌ಎಸ್‌ನಲ್ಲಿಯೇ 32 ಓಡಿಸುವವರನ್ನು ನಾನು ನೋಡಿದ್ದೇನೆ, ಆದರೆ 34ಕ್ಕೆ ಆ ಸಾಹಸ ಬೇಡ. ಜಿಎಸ್ ಡಿರೇಲರ್ ಮತ್ತು ಹೊಸ ಚೈನು, ಈ ಎರಡನ್ನೂ ಕ್ಯಾಸೆಟ್ಟಿನ ಜೊತೆಗೇ ಹಾಕಿಸಿ.

ಚೈನಿನ ಉದ್ದದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಹಳೆಯ ಚೈನಿನಲ್ಲೇ ದೊಡ್ಡ ಕ್ಯಾಸೆಟ್ ಹಾಕಿಸಿಕೊಂಡಿದ್ದ ಒಬ್ಬರು, ಏರಿನಲ್ಲಿ ಅಕಸ್ಮಾತ್ 50-34ಕ್ಕೆ ಗೇರು ಬದಲಿಸಿ, ಮುರಿದ ಹ್ಯಾಂಗರನ್ನು (ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಕೊಂಡಿ) ಕೈಯಲ್ಲಿ ಹಿಡಿದು ನನ್ನ ಬಳಿ ಬಂದಿದ್ದರು. ಅವರ ಡಿರೇಲರ್ ಕಡ್ಡಿಗಳ ನಡುವೆ ಸಿಕ್ಕಿ ಕೇಜು ಹಗ್ಗದಂತೆ ಹೊಸೆದುಕೊಂಡಿತ್ತು. ಆದ್ದರಿಂದ ಚೈನನ್ನು ಡಿರೇಲರಿಗೆ ಪೋಣಿಸದೆ ದೊಡ್ಡ ರಿಂಗು ಮತ್ತು ದೊಡ್ಡ ಹಲ್ಲುಚಕ್ರದ ಸುತ್ತ ಸುತ್ತಿ, ತುದಿಗಳು ಕೂಡುವ ಜಾಗಕ್ಕಿಂತ ಒಂದಿಂಚು ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು.

ಕೊಳ್ಳುವ ಮುನ್ನ ಒಂದು ನಷ್ಟವನ್ನೂ ತಿಳಿದಿರಿ. ಈಗಿನ ಕ್ಯಾಸೆಟ್ಟಿನಲ್ಲಿ 11, 12, 13, 14, 15 ಸಾಲಾಗಿವೆ. 11-34ರಲ್ಲಿ 11 ಆದ ಮೇಲೆ 13, ಆಮೇಲೆ 15. ದೇವನಹಳ್ಳಿಯ ಕಡೆಯ ಸಮತಟ್ಟು ರಸ್ತೆಯಲ್ಲಿ ಎದುರುಗಾಳಿ ಬೀಸುವಾಗ, ಒಂದು ಗೇರು ಭಾರ, ಮುಂದಿನದು ತೀರಾ ಹಗುರ ಎನ್ನಿಸುವುದುಂಟು. ಏರೇ ನಿಮ್ಮ ಮುಖ್ಯ ತೊಂದರೆಯಾದ್ದರಿಂದ ನಾನಾಗಿದ್ದರೆ ಇದನ್ನು ಒಪ್ಪಿಕೊಳ್ಳುತ್ತಿದ್ದೆ.

ಮತ್ತೊಬ್ಬರ ಪ್ರಶ್ನೆ:
ಸರ್, ನನ್ನ ಬೈಕಿನಲ್ಲೂ ಇದೇ ಜೋಡಣೆ ಇದೆ. ಹಿಂದೆ ಏನನ್ನೂ ಮುಟ್ಟದೆ ಮುಂದಿನ 34ರ ಜಾಗದಲ್ಲಿ 30 ಹಲ್ಲಿನ ರಿಂಗು ಹಾಕಿಸಬಹುದೇ?

ಉತ್ತರ:
ಆ ಕ್ರ್ಯಾಂಕಿಗೆ (ಪೆಡಲಿನ ತೋಳುಗಳು ಮತ್ತು ಮುಂದಿನ ರಿಂಗುಗಳಿರುವ ಭಾಗ) ಆಗುವುದಿಲ್ಲ ಮೇಡಂ. ಅದರ ಬೋಲ್ಟುಗಳು 110 ಮಿ.ಮೀ. ವೃತ್ತದಲ್ಲಿವೆ, 30 ಹಲ್ಲಿನ ರಿಂಗು ಅದಕ್ಕೆ ಹೊಂದದಷ್ಟು ಚಿಕ್ಕದು. ಇಡೀ ಕ್ರ್ಯಾಂಕನ್ನು ಶಿಮಾನೊ ಜಿಆರ್‌ಎಕ್ಸ್ 46-30ಕ್ಕೆ ಬದಲಿಸಿದರೆ 30-28 ಸಿಗುತ್ತದೆ, ಅದು ಹೆಚ್ಚುಕಡಿಮೆ 34-32ಕ್ಕೆ ಸಮ. ಸಾಮರ್ಥ್ಯದ ಲೆಕ್ಕ 33ಕ್ಕೇ (16 ಮತ್ತು 17) ನಿಲ್ಲುವುದರಿಂದ ಎಸ್‌ಎಸ್ ಡಿರೇಲರ್ ಹಾಗೆಯೇ ಇರಬಹುದು, ಚೈನನ್ನು ಮಾತ್ರ ಅಳೆದು ತುಸು ಗಿಡ್ಡಮಾಡಬೇಕಾಗುತ್ತದೆ. ಆದರೆ ಅದರ ರಿಂಗುಗಳು ಸುಮಾರು 2.5 ಮಿ.ಮೀ. ಹೊರಗೆ ಕೂರುವುದರಿಂದ ಮುಂದಿನ ಡಿರೇಲರೂ ಜಿಆರ್‌ಎಕ್ಸ್ ಆಗಬೇಕು. 46-11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 47 ಕಿ.ಮೀ. ವೇಗ ಬರುತ್ತದೆ, ನಂದಿಯ ಇಳಿಜಾರಿನ ತಿರುವುಗಳಲ್ಲಿ ಅದಕ್ಕಿಂತ ಹೆಚ್ಚಿಗೆ ತುಳಿಯುವ ಅಗತ್ಯ ನನಗಂತೂ ಕಂಡಿಲ್ಲ.

ಮೊದಲ ಪ್ರಶ್ನೆ ಕೇಳಿದವರಿಗೆ ಹೇಳಲು ಮರೆತಿದ್ದೆ: ಶಿಮಾನೊದ ಹನ್ನೊಂದು ಸ್ಪೀಡಿನ 11-34 ಕ್ಯಾಸೆಟ್ಟನ್ನು ನಿಮ್ಮ ರೋಡ್ ಹಬ್‌ಗೆ (ಹಿಂಚಕ್ರದ ನಡುಭಾಗಕ್ಕೆ) ಹಾಕುವಾಗ ಅದರ ಹಿಂದೆ 1.85 ಮಿ.ಮೀ. ದಪ್ಪದ ಸ್ಪೇಸರ್ ಬಳೆ ಕೂರಬೇಕು. ಅದನ್ನು ಬಿಟ್ಟರೆ ಕ್ಯಾಸೆಟ್ಟನ್ನು ಬಿಗಿಯುವ ಲಾಕ್‌ರಿಂಗನ್ನು ಎಷ್ಟು ಬಿಗಿದರೂ ಕ್ಯಾಸೆಟ್ ಅಲುಗಾಡುತ್ತಲೇ ಇರುತ್ತದೆ. ಚಕ್ರವನ್ನು ಬೈಕಿಗೆ ಹಾಕುವ ಮೊದಲು ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ.