ಸರ್ವರ್ ಕೈಗೆ ಕೊಟ್ಟ ಮೇಲ್‌ಗೆ ‘ಕಳಿಸಲಾಗಿದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಗ್ರಂಥಾಲಯಕ್ಕಾಗಿ ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪುಸ್ತಕ ಹಿಂತಿರುಗಿಸುವ ದಿನ ಹತ್ತಿರವಾದರೆ ಅದು ತಾನಾಗಿಯೇ ಓದುಗರಿಗೆ ಮೇಲ್ ಮಾಡುತ್ತದೆ. ಪರದೆಯ ಮೇಲಿನ ಮಾತೆಲ್ಲ ಕನ್ನಡದಲ್ಲೇ ಇರಬೇಕು. ಒಂದು ಕ್ರಿಯಾಪದ ಮಾತ್ರ ಕೂಡಿಬರುತ್ತಿಲ್ಲ.

ಕೆಲಸ ಮುಗಿದಾಗ ‘ಮೇಲ್ ಕಳಿಸಲಾಗಿದೆ’ ಅಂತ ತೋರಿಸುವುದು ರೂಢಿ. ಆದರೆ ಆ ಹೊತ್ತಿಗೆ ಆಗಿರುವುದು ಇಷ್ಟೇ: ಪ್ರೋಗ್ರಾಂ ನಮ್ಮದೇ ಮೇಲ್ ಸರ್ವರ್‌ನ 587ನೇ ಪೋರ್ಟ್‌ಗೆ (ಸರ್ವರ್‌ನ ನಂಬರು ಹಾಕಿದ ಬಾಗಿಲು ಅನ್ನಿ) ಹೋಗಿ, ಯಾರಿಂದ, ಯಾರಿಗೆ ಅಂತ ಹೇಳಿ ಪತ್ರ ಕೊಟ್ಟಿದೆ. ಸರ್ವರ್ 250 ಅಂದಿದೆ. ‘ತಗೊಂಡೆ, ಇನ್ನು ಇದು ನನ್ನ ಹೊಣೆ’ ಅಂತ ಅದರ ಅರ್ಥ. ಓದುಗರ ಕಡೆಯ ಸರ್ವರ್ ಇನ್ನೂ ಪತ್ರವನ್ನು ನೋಡಿಯೇ ಇಲ್ಲ! ಅದು 450, ಅಂದರೆ ‘ಈಗ ಆಗದು’, ಅಂದರೆ ಪತ್ರ ಸರದಿಯಲ್ಲಿ ಕಾಯುತ್ತದೆ. 550 ಅಂದರೆ ಹೋಗುವುದೇ ಇಲ್ಲ, ತಲುಪಲಿಲ್ಲ ಅಂತ ಕಳಿಸಿದವರಿಗೆ ಸುದ್ದಿ ಬರುತ್ತದೆ. ‘ಕಳಿಸಲಾಗಿದೆ’ ಅಂತ ಓದಿದ ಗ್ರಂಥಪಾಲಕರು ಮಾತ್ರ ಮೇಲ್ ಮುಟ್ಟಿತು ಅಂದುಕೊಂಡು ಸುಮ್ನಿರುತ್ತಾರೆ.

ಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ವಿವರಿಸುವ ಆರ್‌ಎಫ್‌ಸಿ 821 (ಇಂಟರ್‌ನೆಟ್ ನಿಯಮಗಳ ದಾಖಲೆಗಳಿಗೆ ಆರ್‌ಎಫ್‌ಸಿ ಅಂತ ಹೆಸರು) ಬಂದಿದ್ದು 1982ರಲ್ಲಿ. 1998ರಲ್ಲಿ ಆರ್‌ಎಫ್‌ಸಿ 2476 ಕೆಲಸವನ್ನು ಬೇರೆ ಮಾಡಿತು. ಮೊದಲ ಸರ್ವರ್‌ಗೆ ಪತ್ರ ಕೊಡಲು 587, ಸರ್ವರ್‌ನಿಂದ ಸರ್ವರ್‌ಗೆ ಹಳೆಯ 25. ಇಂಗ್ಲಿಷಿನಲ್ಲಿ ಸಬ್‌ಮಿಷನ್ (ಮೊದಲ ಸರ್ವರ್‌ಗೆ ಕೊಡುವುದು), ರಿಲೇ (ಸರ್ವರ್‌ನಿಂದ ಸರ್ವರ್‌ಗೆ ಸಾಗಿಸುವುದು), ಡೆಲಿವರಿ (ಓದುಗರ ಮೇಲ್ ಪೆಟ್ಟಿಗೆಗೆ ಮುಟ್ಟಿಸುವುದು) ಅಂತ ಮೂರು ಹಂತಕ್ಕೆ ಮೂರು ಹೆಸರಿವೆ. ನಾವು ಮೂರಕ್ಕೂ ‘ಕಳಿಸು’ ಅಂತಲೇ ಹೇಳಿ ಮುಗಿಸುತ್ತೇವೆ, ಅಲ್ವಾ?

ರಿಲೇಗೆ ‘ದಾಟಿಸು’ ನನಗೆ ಹಿಡಿಸಿದೆ. ಹಳೆಯ ಮೈಸೂರು ಅಂಚೆಯಲ್ಲಿ ಓಟಗಾರರು ಪತ್ರದ ಚೀಲವನ್ನು ಮುಂದಿನ ಓಟಗಾರನ ಕೈಗೆ ದಾಟಿಸುತ್ತಿದ್ದರು. ಸರ್ವರ್‌ಗಳು ಮಾಡುವುದೂ ಅದನ್ನೇ. ಡೆಲಿವರಿಗೆ ‘ಬಟವಾಡೆ’ ಅಂಚೆ ಕಚೇರಿಯಲ್ಲಿ ಬಳಕೆಯಲ್ಲೇ ಇದೆ.

ಕಷ್ಟ ಇರುವುದು ಮೊದಲ ಹಂತದಲ್ಲಿ. ‘ಸಲ್ಲಿಸು’ ಅಂದರೆ ಅರ್ಜಿಯ ನೆನಪು. ‘ಒಪ್ಪಿಸು’ ಅನ್ನುವುದರಲ್ಲಿ ಹೊಣೆ ಕೈ ಬದಲಾಗುವ ಅರ್ಥ ಇದೆ, 250ಕ್ಕೆ ಸರಿಯಾಗಿ ಒಗ್ಗುತ್ತದೆ. ಆದರೆ ಪಾಠ ಒಪ್ಪಿಸುವುದೇ ಜಾಸ್ತಿ ಜನರಿಗೆ ಮೊದಲು ನೆನಪಾಗುತ್ತದೇನೋ. ನನ್ನ ಮನಸ್ಸು ‘ಟಪಾಲಿಗೆ ಹಾಕು’ ಕಡೆಗಿದೆ. ‘ಟಪಾಲಿಗೆ ಹಾಕಿದ್ದೀನಿ’ ಅಂದವರು ತಲುಪಿತು ಅಂತ ಯಾವತ್ತೂ ಹೇಳಿಲ್ಲ. ಕೇಳಿದವರೂ ಹಾಗೆ ತಿಳಿಯುತ್ತಿರಲಿಲ್ಲ. ‘ಮೇಲ್ ಟಪಾಲಿಗೆ ಹಾಕಲಾಗಿದೆ’ ಅಂದರೆ ಪ್ರೋಗ್ರಾಂ ತನಗೆ ಗೊತ್ತಿರುವಷ್ಟನ್ನೇ ಹೇಳಿದಂತಾಗುತ್ತದೆ.

ನಿಮ್ಮಲ್ಲಿ ಕೇಳುವುದು ಇದು. ಕಾಗದ ಬರೆದು ಗೊತ್ತಿಲ್ಲದ ಹುಡುಗರಿಗೆ ‘ಟಪಾಲಿಗೆ ಹಾಕು’ ಥಟ್ಟನೆ ತಿಳಿಯುತ್ತದೆಯೇ? ನಿಮ್ಮ ಕಡೆ ‘ಟಪಾಲು’ ಇನ್ನೂ ಮಾತಿನಲ್ಲಿದೆಯೇ, ಇಲ್ಲಾ ‘ಪೋಸ್ಟ್ ಮಾಡು’ ಒಂದೇ ಉಳಿದಿದೆಯೇ? ಹಾಗಿದ್ದರೆ ಅದೂ ಕಷ್ಟ, ಈಗ ಪೋಸ್ಟ್ ಅಂದರೆ ಫೇಸ್‌ಬುಕ್ ಆಗಿಬಿಟ್ಟಿದೆ. ಇನ್ನೊಂದು, ತಲುಪದ ಮೇಲ್‌ಗೆ ‘ಬೌನ್ಸ್’ ಅಂದರೆ ನಮ್ಮ ಜನಕ್ಕೆ ಚೆಕ್ಕಿನ ನೆನಪಾಗಿ ಗಾಬರಿಯಾಗುತ್ತದೆ. ವಿಳಾಸದಾರರು ಸಿಗದೆ ಮರಳಿದ ಕಾಗದಕ್ಕೆ ನಿಮ್ಮೂರಿನ ಪೋಸ್ಟ್‌ಮ್ಯಾನ್ ಏನೆನ್ನುತ್ತಿದ್ದರು?