ಸಹಾಯ ಬೇಕು: 403ಬಿ ಜೊತೆ 457ಬಿಗೂ (ಎರಡೂ ಅಮೆರಿಕದ ನಿವೃತ್ತಿ ಉಳಿತಾಯ ಖಾತೆಗಳು) ಮಿತಿಯವರೆಗೆ ಪೂರ್ತಿ ಹಣ ಹಾಕಿದವರು ಇದ್ದೀರಾ?

ಅಮೆರಿಕದಲ್ಲಿರುವ ಕನ್ನಡಿಗರಿಗೆಲ್ಲ ನಮಸ್ಕಾರ. 2025ರ ಮಧ್ಯದಲ್ಲಿ ನಾನು ಖಾಸಗಿ ಕಂಪನಿ ಬಿಟ್ಟು ಸರ್ಕಾರಿ ವಿಶ್ವವಿದ್ಯಾಲಯ ಸೇರಿದೆ. ಹಳೇ ಕಡೆ 401ಕೆಗೆ (ಖಾಸಗಿ ಕಂಪನಿಯವರ ನಿವೃತ್ತಿ ಉಳಿತಾಯ ಖಾತೆ) ಆಗಲೇ 14,000 ಡಾಲರ್ ಹೋಗಿದೆ. ಇಲ್ಲಿ 403ಬಿ, 457ಬಿ ಎರಡೂ ಇವೆ.

ನಾನು ಓದಿಕೊಂಡಂತೆ 401ಕೆ, 403ಬಿ ಎರಡಕ್ಕೂ ಸೇರಿ ನಮ್ಮ ಸಂಬಳದಿಂದ ಹಾಕುವ ಹಣಕ್ಕೆ 2025ಕ್ಕೆ 23,500 ಡಾಲರ್ ಮಿತಿ. ಕೆಲಸ ಬದಲಿಸಿದರೂ ಲೆಕ್ಕ ಒಂದೇ. ಅಂದರೆ 403ಬಿಗೆ ಉಳಿದದ್ದು 9,500. ಕಂಪನಿ ಕೊಡುವ ಪಾಲು ಇದರಲ್ಲಿ ಬರಲ್ಲ. 457ಬಿಗೆ ಮಾತ್ರ ಆ ವರ್ಷಕ್ಕೆ ಬೇರೆಯೇ 23,500 ಇದೆ, ಅಲ್ವಾ? ನಮ್ಮ ಎಚ್‌ಆರ್‌ನವರು ಮೂರಕ್ಕೂ ಒಂದೇ ಮಿತಿ ಅನ್ನುತ್ತಿದ್ದಾರೆ. ಅವರಿಗೆ ಏನು ತೋರಿಸಿ ಒಪ್ಪಿಸಿದಿರಿ?

ಇನ್ನೊಂದು ಮುಖ್ಯ ವಿಷಯ. ಕೆಲವು ವರ್ಷಗಳಲ್ಲಿ ಮೈಸೂರಿಗೆ ಮರಳುವ ಆಸೆ ಇದೆ. ಸರ್ಕಾರಿ 457ಬಿ ಹಣವನ್ನು ಕೆಲಸ ಬಿಟ್ಟ ಮೇಲೆ ಯಾವ ವಯಸ್ಸಿನಲ್ಲಿ ತೆಗೆದರೂ, ಬೇಗ ತೆಗೆದದ್ದಕ್ಕೆ ಹಾಕುವ ಶೇ. 10ರ ದಂಡ ಇಲ್ಲ, ತೆರಿಗೆ ಮಾತ್ರ. ಅದಕ್ಕೇ ಮೊದಲು 457ಬಿ ತುಂಬಿಸೋಣ ಅನ್ನಿಸುತ್ತಿದೆ. ಹೀಗೆ ಮಾಡಿ ಊರಿಗೆ ಮರಳಿದವರು ಇದ್ದರೆ, ಭಾರತದಲ್ಲಿ ಕೂತು ಹಣ ತೆಗೆಯುವಾಗ ಏನೇನು ತೊಂದರೆ ಬಂತು, ದಯವಿಟ್ಟು ತಿಳಿಸಿ.